ವ್ಯಾಪಾರ ವಿದ್ಯೆಯೂ ಮೈಸೂರಿನ ಗಂಧವೂ

ನಮ್ಮ ಸಂಸಾರಗಳಲ್ಲಿ ಈಚೆಗೆ ಒಂದು ಹೊಸ ಚರ್ಚೆ ತಲೆದೋರಿದೆ. ಮನೆಯ ಹುಡುಗನೋ ಹುಡುಗಿಯೋ ಪದವಿ ಪರೀಕ್ಷೆಯಲ್ಲಿ ತೇರ್ಗಡೆಯಾದೊಡನೆ "ಇನ್ನೆರಡು ವರ್ಷ ವ್ಯಾಪಾರ ನಿರ್ವಹಣೆಯನ್ನು ಓದುವೆನು" ಎನ್ನುವುದು, ಅದಕ್ಕೆ ತಗಲುವ ಶುಲ್ಕದ ಮೊಬಲಗನ್ನು ಕೇಳಿ ತಂದೆಯು ಮೌನ ವಹಿಸುವುದು, "ವ್ಯಾಪಾರ ಮಾಡುವುದಕ್ಕೂ ಕಾಲೇಜು ಬೇಕೆ? ನಮ್ಮ ಬೀದಿಯ ಶೆಟ್ಟರು ಯಾವ ಕಾಲೇಜಿಗೆ ಹೋಗಿದ್ದರು?" ಎಂದು ಅಜ್ಜಿಯು ಕೇಳುವುದು. ಅಜ್ಜಿಯ ಪ್ರಶ್ನೆ ನಗುವಂಥದಲ್ಲ. ಅನೇಕರು ಬ್ಯಾಂಕಿನ ಸಾಲವನ್ನು ಹೊತ್ತು, ಕೆಲವರು ಮನೆಯನ್ನೇ ಆಧಾರವಾಗಿಟ್ಟು ಮಕ್ಕಳನ್ನು ಈ ಓದಿಗೆ ಕಳುಹಿಸುತ್ತಿರುವರು. ಆದರೆ ಅಲ್ಲಿ ಕಲಿಸುವುದೇನು ಎಂಬುದನ್ನು ವಿಚಾರಿಸಿ ತಿಳಿದ ಗೃಹಸ್ಥರು ವಿರಳ. ಆದುದರಿಂದ ಆ ಪಾಠಗಳ ತಿರುಳನ್ನು ಇಲ್ಲಿ ನಮ್ಮ ಓದುಗರ ಮುಂದೆ ಇಡುವುದು ಅನುಚಿತವಾಗಲಾರದು.

ವಿದ್ಯೆಯ ಬೇರು ಹಳೆಯದು. ಲೂಕಾ ಪಾಚೋಲಿ ಎಂಬ ಇಟಲಿಯ ಸಂನ್ಯಾಸಿಯು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ, ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆದು ತಾಳೆ ನೋಡುವ ಲೆಕ್ಕದ ಕ್ರಮವನ್ನು ವಿವರಿಸಿದನು. ಅಮೆರಿಕದಲ್ಲಿ 1881ರಲ್ಲಿ ವಾರ್ಟನ್ ಶಾಲೆಯೂ 1908ರಲ್ಲಿ ಹಾರ್ವರ್ಡಿನ ವ್ಯಾಪಾರ ಶಾಲೆಯೂ ಸ್ಥಾಪಿತವಾದುವು. ನಮ್ಮ ದೇಶದಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜು 1913ರಲ್ಲಿ ವಾಣಿಜ್ಯ ಶಿಕ್ಷಣವನ್ನು ಆರಂಭಿಸಿತು. ಕಲ್ಕತ್ತೆ, ಅಹಮದಾಬಾದುಗಳ ನಿರ್ವಹಣಾ ಸಂಸ್ಥೆಗಳು 1961ರಲ್ಲಿಯೂ, ಬೆಂಗಳೂರಿನದು 1973ರಲ್ಲಿಯೂ ಹುಟ್ಟಿದುವು.

ಈ ಶಾಲೆಗಳಲ್ಲಿ ಹಾರ್ವರ್ಡಿನಿಂದ ಪ್ರಸಿದ್ಧಿಗೆ ಬಂದ ಒಂದು ಬೋಧನಾಕ್ರಮವುಂಟು. ಯಾವುದೋ ಒಂದು ಉದ್ಯಮದಲ್ಲಿ ನಿಜವಾಗಿ ನಡೆದ ಸಂಗತಿಯನ್ನು ಬರೆದು, ಯಜಮಾನನು ನಿರ್ಧಾರ ಮಾಡಬೇಕಾದ ಗಳಿಗೆಯಲ್ಲಿ ಕಥೆಯನ್ನು ನಿಲ್ಲಿಸಿ ವಿದ್ಯಾರ್ಥಿಗಳ ಕೈಗೆ ಕೊಡುವರು. "ನೀನಾಗಿದ್ದರೆ ಏನು ಮಾಡುತ್ತಿದ್ದೆ?" ಎಂಬುದೊಂದೇ ಪ್ರಶ್ನೆ. ವಿದೇಶದ ಕಥೆಗಳನ್ನು ಓದುವ ನಮ್ಮ ಮಕ್ಕಳಿಗೆ ನಮ್ಮ ನಾಡಿನದೇ ಒಂದು ಕಥೆಯನ್ನು ಕೊಡಬಹುದು. ಬಹುತೇಕ ಎಲ್ಲ ಪಾಠಗಳೂ ಅದೊಂದರಲ್ಲಿಯೇ ಅಡಗಿವೆ.

1914ನೆಯ ಇಸವಿಯ ಆಗಸ್ಟ್ ತಿಂಗಳು. ಶ್ರೀಗಂಧವು ಮೈಸೂರು ಸಂಸ್ಥಾನದ ರಾಜವೃಕ್ಷ. ಮರವು ಯಾರ ಹೊಲದಲ್ಲಿ ಬೆಳೆದರೂ ಸರ್ಕಾರದ ಸೊತ್ತು. ಕಾಡಿನಿಂದ ಬಂದ ಕೊರಡುಗಳನ್ನು ಗಂಧದ ಕೋಠಿಗಳಲ್ಲಿ ವಿಂಗಡಿಸಿ ಹರಾಜು ಹಾಕುತ್ತಿದ್ದರು. ಅದರಿಂದ ಸಂಸ್ಥಾನಕ್ಕೆ ಸಾಲಿಯಾನಾ ಲಕ್ಷಗಟ್ಟಲೆ ರೂಪಾಯಿಗಳ ಆದಾಯ. ಮರದ ದೊಡ್ಡ ಭಾಗವು ಹಡಗೇರಿ ಯೂರೋಪಿಗೆ, ಅದರಲ್ಲಿಯೂ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆಯನ್ನು ಭಟ್ಟಿಯಿಳಿಸುವ ವಿದ್ಯೆ ಅಲ್ಲಿಯವರ ಕೈಯಲ್ಲಿತ್ತು. ಮಹಾಯುದ್ಧವು ಆರಂಭವಾದೊಡನೆ ಜರ್ಮನಿಯು ಶತ್ರುದೇಶವಾಯಿತು, ಕೊಳ್ಳುವವರು ಮಾಯವಾದರು, ಕೋಠಿಗಳಲ್ಲಿ ಮರವು ರಾಶಿಬಿದ್ದಿತು. ನೀವು ದಿವಾನರಾಗಿದ್ದರೆ ಏನು ಮಾಡುತ್ತಿದ್ದಿರಿ? ಯುದ್ಧ ಮುಗಿಯುವವರೆಗೆ ಕಾಯಬಹುದು. ಅದು ಎಂದು ಮುಗಿಯುವುದೋ ಬಲ್ಲವರಿಲ್ಲ. ಸಿಕ್ಕಿದ ಬೆಲೆಗೆ ಮಾರಬಹುದು. ಒಮ್ಮೆ ಇಳಿದ ಬೆಲೆಯನ್ನು ಏರಿಸುವುದು ಕಷ್ಟ. ಇಲ್ಲವೆ, ತಿಳಿಯದ ವಿದ್ಯೆಯೊಂದಕ್ಕೆ ಪ್ರಜೆಗಳ ಹಣವನ್ನು ತೊಡಗಿಸಬಹುದು.

ದಿವಾನ್ ವಿಶ್ವೇಶ್ವರಯ್ಯನವರ ಸರ್ಕಾರವು ಮೂರನೆಯ ದಾರಿಯನ್ನು ಹಿಡಿಯಿತು. ಸಂಸ್ಥಾನದ ಕೈಗಾರಿಕಾ ಶಾಖೆಯ ನಿರ್ದೇಶಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್ನರು ಕೆಲಸವನ್ನು ಕೈಗೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಚಾರ್ಯರಾದ ಸಡ್‌ಬರೋ ಮತ್ತು ವಾಟ್ಸನ್ ಎಂಬವರು ಎಣ್ಣೆ ತೆಗೆಯುವ ಪ್ರಯೋಗಗಳನ್ನು ನಡೆಸಿದರು. 1916ರಲ್ಲಿ ಎಣ್ಣೆಯ ತಯಾರಿಕೆಯು ನಮ್ಮ ನೆಲದಲ್ಲಿಯೇ ಮೊದಲಾಯಿತು. ಮರದ ಚೇಗನ್ನು ಪುಡಿಮಾಡಿ, ಹಬೆಯನ್ನು ಹಾಯಿಸಿ, ಆ ಹಬೆಯನ್ನು ತಣಿಸಿದರೆ ನೀರಿನೊಡನೆ ಎಣ್ಣೆಯೂ ಇಳಿಯುವುದು. ನೂರು ಪಾಲು ಚೇಗಿನಲ್ಲಿ ಎಣ್ಣೆ ಸುಮಾರು ಐದು ಪಾಲು. ಅಂದರೆ ಅದುವರೆಗೆ ನಾವು ತೊಂಬತ್ತೈದು ಪಾಲು ಬರಿಯ ಮರಕ್ಕೆ ಹಡಗಿನ ಬಾಡಿಗೆ ತೆತ್ತು, ಬೆಲೆಯುಳ್ಳ ಐದು ಪಾಲನ್ನು ಪರರ ಕೈಗೆ ಒಪ್ಪಿಸುತ್ತಿದ್ದೆವು! ನಿರ್ವಹಣಾ ಶಾಲೆಯವರು ಇದನ್ನು ಮೌಲ್ಯವರ್ಧನೆ ಎನ್ನುವರು. ಬೆಣ್ಣೆಯನ್ನು ತಾನೇ ಕಾಸಿ ತುಪ್ಪವಾಗಿ ಮಾರುವ ಗೃಹಿಣಿಗೆ ಇದರಲ್ಲಿ ಹೊಸತೇನೂ ಕಾಣದು.

ಎಣ್ಣೆಯಿಂದ ಸಾಬೂನಿಗೆ ಬಂದದ್ದು ಮುಂದಿನ ಹೆಜ್ಜೆ. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಆ ವಿದ್ಯೆಗಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಹಿಂದಿರುಗಿದ ಮೇಲೆ ಅವರಿಗೆ "ಸೋಪ್ ಶಾಸ್ತ್ರಿ" ಎಂಬ ಹೆಸರೇ ನಿಂತಿತು. ಅಂಡಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯನ್ನು ನೆನಪಿಗೆ ತರುವ ಹೂವಿನ ಚಿತ್ತಾರದ ಡಬ್ಬಿ, ಸಿಂಹದ ಮೈಯೂ ಆನೆಯ ತಲೆಯೂ ಉಳ್ಳ ಶರಭದ ಮುದ್ರೆ, ಇವು ಮಾರಾಟದ ಪಾಠಗಳು. ಟ್ರಾಂ ಟಿಕೇಟುಗಳ ಮೇಲೆಯೂ ಬೆಂಕಿಪೆಟ್ಟಿಗೆಗಳ ಮೇಲೆಯೂ ಜಾಹೀರಾತು ಅಚ್ಚಾಯಿತು; ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯೇ ನಡೆಯಿತೆಂದು ಹೇಳುವರು. ಇನ್ನೊಂದು ವಿಷಯವನ್ನು ಗಮನಿಸಬೇಕು. ಆ ಕಾಲಕ್ಕೆ ಯೂರೋಪಿನ ವೈದ್ಯರು ಗಂಧದೆಣ್ಣೆಯನ್ನು ಮೂತ್ರಮಾರ್ಗದ ಕೆಲವು ವ್ಯಾಧಿಗಳಿಗೆ ಔಷಧವಾಗಿ ಕೊಡುತ್ತಿದ್ದರು. ಪೆನಿಸಿಲಿನ್ ಮುಂತಾದ ಮದ್ದುಗಳು ಬಂದ ಮೇಲೆ ಆ ಉಪಯೋಗವು ನಿಂತುಹೋಯಿತು. ಎಣ್ಣೆಯನ್ನು ಔಷಧದ ವರ್ತಕರಿಗೆ ಮಾತ್ರ ಮಾರಿಕೊಂಡಿದ್ದರೆ ಗತಿಯೇನಾಗುತ್ತಿತ್ತು?

ಈಗ ಸರಬರಾಜು ಸರಪಣಿ ಎಂಬ ಪಾಠಕ್ಕೆ ಬರೋಣ. ಕಾಡಿನ ಮರದಿಂದ ನಮ್ಮ ಬಚ್ಚಲಿನ ಸಾಬೂನಿನವರೆಗೆ ಎಷ್ಟು ಕೈಗಳುಂಟೋ ಅಷ್ಟೂ ಕೊಂಡಿಗಳು. ಒಂದು ಕಳಚಿದರೆ ಉಳಿದುವು ಗಟ್ಟಿಯಾಗಿದ್ದೂ ನಿಷ್ಪ್ರಯೋಜಕ. 1914ರಲ್ಲಿ ಕಳಚಿದ್ದು ಕೊಳ್ಳುವವನ ಕೊಂಡಿ. 2021ರ ಮಾರ್ಚಿಯಲ್ಲಿ ಒಂದೇ ಒಂದು ಹಡಗು ಸೂಯೆಜ್ ಕಾಲುವೆಗೆ ಅಡ್ಡವಾಗಿ ಸಿಕ್ಕಿಕೊಂಡು ಆರು ದಿನ ಜಗತ್ತಿನ ವ್ಯಾಪಾರವನ್ನು ತಡೆದುದನ್ನು ಓದುಗರು ಮರೆತಿರಲಾರರು. ನಮ್ಮ ಅಜ್ಜಿಯರು ವರ್ಷಕ್ಕಾಗುವಷ್ಟು ಹುಣಸೆಹಣ್ಣು, ಮೆಣಸಿನಕಾಯಿ, ಬೇಳೆಗಳನ್ನು ಸುಗ್ಗಿಯಲ್ಲಿಯೇ ಕೊಂಡು ತುಂಬಿಡುತ್ತಿದ್ದರು. ದಾಸ್ತಾನಿನಲ್ಲಿ ಹಣ ಕೊಳೆಯುವುದು, ಹುಳು ಹಿಡಿಯುವುದು, ಆದುದರಿಂದ ಬೇಕಾದಾಗ ಬೇಕಾದಷ್ಟೇ ತರಿಸಬೇಕೆಂಬುದು ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ತೈಚಿ ಓನೋ ಎಂಬವರು ರೂಢಿಗೆ ತಂದ ಮತ. ಆ ಮತವು ಲೋಕವನ್ನೆಲ್ಲ ಗೆದ್ದಿತು. ಆದರೆ 2011ರ ಭೂಕಂಪದಲ್ಲಿ ಬಿಡಿಭಾಗಗಳು ಬಾರದೆ ಜಪಾನಿನ ಮೋಟಾರು ಕಾರ್ಖಾನೆಗಳೇ ನಿಂತುವು. ನನ್ನ ಅಭಿಪ್ರಾಯದಲ್ಲಿ ಅಜ್ಜಿಯದು ಪೂರ್ತಿ ತಪ್ಪೆನ್ನಲಾಗದು.

ಸರಪಣಿಯ ಇನ್ನೊಂದು ವಿಚಿತ್ರವನ್ನು 2020ರಲ್ಲಿ ಎಲ್ಲರೂ ಕಂಡೆವು. ಸಾಂಕ್ರಾಮಿಕದ ಭಯದಿಂದ ಒಂದು ಸೀಸೆ ಸ್ಯಾನಿಟೈಸರ್ ಕೊಳ್ಳುವ ಮನೆಯವರು ಮೂರು ಕೊಂಡರು. ಅಂಗಡಿಯವನು ಬೇಡಿಕೆಯು ಮೂರುಪಟ್ಟಾಯಿತೆಂದು ಹತ್ತುಪಟ್ಟು ತರಿಸಲು ಬರೆದನು. ಸಗಟು ವರ್ತಕನು ಅದಕ್ಕೂ ಹೆಚ್ಚು ಬರೆದನು. ಹೊಸ ಹೊಸ ತಯಾರಕರು ಇಳಿದರು. ಆ ವೇಳೆಗೆ ಮನೆಗಳ ಕಪಾಟುಗಳು ತುಂಬಿದ್ದುವು. ಸರಕು ಅಂಗಡಿಗಳಲ್ಲಿ ಉಳಿಯಿತು. ಕೈಯಲ್ಲಿ ಚಾವಟಿಯನ್ನು ಸ್ವಲ್ಪ ಅಲುಗಿಸಿದರೆ ತುದಿಯಲ್ಲಿ ಅದು ಗಾಳಿಯನ್ನು ಸೀಳುವಂತೆ, ಗಿರಾಕಿಯ ಚಿಕ್ಕ ಚಪಲವು ಕಾರ್ಖಾನೆಯವನಿಗೆ ದೊಡ್ಡ ಪೆಟ್ಟಾಗುವುದು. ಆದುದರಿಂದಲೇ ದೊಡ್ಡ ವ್ಯಾಪಾರಿಗಳು ಕೊನೆಯ ಅಂಗಡಿಯಲ್ಲಿ ದಿನವೂ ನಿಜವಾಗಿ ಮಾರಾಟವಾದುದೆಷ್ಟು ಎಂಬ ಲೆಕ್ಕಕ್ಕೆ ಅಷ್ಟು ಆತುರಪಡುವುದು.

ಲೆಕ್ಕವೆಂದರೆ ಬೇಸರಪಡುವವರು ಇದೊಂದನ್ನಾದರೂ ತಿಳಿದಿರಬೇಕು: ಲಾಭ ಬೇರೆ, ಕೈಯಲ್ಲಿನ ಹಣ ಬೇರೆ. ಒಬ್ಬ ಗೃಹಿಣಿಯು ಚಟ್ನಿಪುಡಿಯನ್ನು ಮಾಡಿ ಮಾರುವಳೆಂದು ಭಾವಿಸೋಣ. ಪೊಟ್ಟಣಕ್ಕೆ ಖರ್ಚು 60 ರೂಪಾಯಿ, ಮಾರುವ ಬೆಲೆ 100. ಅಂಗಡಿಗಳವರು ಹಣ ಕೊಡುವುದು ಎರಡು ತಿಂಗಳಿಗೆ. ಮೊದಲ ತಿಂಗಳು 500 ಪೊಟ್ಟಣ, ಎರಡನೆಯ ತಿಂಗಳು 1,000. ಪುಸ್ತಕದಲ್ಲಿ ಲಾಭ 60,000 ರೂಪಾಯಿ. ಕೈಯಿಂದ ಹೋದದ್ದು 90,000. ಬಂದದ್ದು ಒಂದು ಕಾಸೂ ಇಲ್ಲ. ಮೂರನೆಯ ತಿಂಗಳು 2,000 ಪೊಟ್ಟಣ ಬೇಕೆಂದರೆ 1,20,000 ಬೇಕು. ಆಗ ಬರುವ ಹಳೆಯ ಬಾಕಿ 50,000 ಮಾತ್ರ. ವ್ಯಾಪಾರವು ಬೆಳೆದಷ್ಟೂ ಅವಳ ಗಂಟು ಕರಗುವುದು. ಗೆಲ್ಲುತ್ತ ಗೆಲ್ಲುತ್ತಲೇ ಮುಳುಗಿದ ಅಂಗಡಿಗಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ!

ಆ ಹಣವನ್ನು ಎಲ್ಲಿಂದ ತರಬೇಕೆಂಬುದೇ ಹಣಕಾಸಿನ ಪಾಠ. ಅದಕ್ಕೆ ಉಡುಪಿಯ ನಿದರ್ಶನ ಸಾಕು. ಕಷ್ಟದಲ್ಲಿದ್ದ ಕೈಮಗ್ಗದವರಿಗೆ ನೆರವಾಗಲೆಂದು 1925ರಲ್ಲಿ ಉಪೇಂದ್ರ ಪೈ, ಡಾಕ್ಟರ್ ಟಿ. ಎಂ. ಎ. ಪೈ, ವಾಮನ ಕುಡ್ವ ಈ ಮೂವರು 8,000 ರೂಪಾಯಿಗಳ ಬಂಡವಾಳದಿಂದ ಒಂದು ಬ್ಯಾಂಕನ್ನು ತೆರೆದರು. 1928ರಲ್ಲಿ ಪಿಗ್ಮಿ ಠೇವಣಿಯು ಬಂತು: ಬ್ಯಾಂಕಿನ ಪ್ರತಿನಿಧಿಯೇ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಅಲ್ಪವನ್ನೂ ಸಂಗ್ರಹಿಸುವುದು. ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಆ ಸಂಸ್ಥೆಯು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು.

ಕಡೆಯ ಪಾಠ ಉದ್ಯಮಶೀಲತೆ. ಕಲಿಸಿ ಬರುವಂಥದೇ ಇದು ಎಂಬ ಸಂಶಯ ಆಚಾರ್ಯರಲ್ಲಿಯೂ ಉಂಟು. 1755ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ರಿಚರ್ಡ್ ಕ್ಯಾಂಟಿಲನ್ ಎಂಬವನು ಉದ್ಯಮಿಗೆ ಒಂದು ಲಕ್ಷಣವನ್ನು ಹೇಳಿದನು: ಗೊತ್ತಾದ ಬೆಲೆಗೆ ಕೊಂಡು, ಗೊತ್ತಿಲ್ಲದ ಬೆಲೆಗೆ ಮಾರಲು ಮುಂದಾಗುವವನು. ಈ ಲಕ್ಷಣದಿಂದ ನೋಡಿದರೆ, ಬೀಜ ಗೊಬ್ಬರಗಳಿಗೆ ಗೊತ್ತಾದ ಹಣ ತೆತ್ತು ಗೊತ್ತಿಲ್ಲದ ಧಾರಣೆಗೆ ಕಾಯುವ ನಮ್ಮ ರೈತನೇ ಮೊದಲ ಉದ್ಯಮಿ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಮನೆಯ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದರು. ಅದೇ ಇಂದಿನ ಲಿಜ್ಜತ್ ಪಾಪಡ್. ಹಿಟ್ಟನ್ನು ಸಂಸ್ಥೆಯು ಕಲಸಿ ಕೊಡುವುದು; ಹೆಂಗಸರು ಮನೆಯಲ್ಲಿಯೇ ಲಟ್ಟಿಸಿ ಒಣಗಿಸಿ ಮರುದಿನ ತಂದೊಪ್ಪಿಸುವರು; ತೂಕ ನೋಡಿ ಮಜೂರಿ ಕೊಡುವರು. ಲಟ್ಟಿಸುವವರೇ ಒಡೆಯರು. ರುಚಿ ಎಲ್ಲೆಡೆ ಒಂದೇ ಆಗಿರುವುದರ ಗುಟ್ಟು ಹಿಟ್ಟು ಒಂದೇ ಕಡೆ ಕಲಸುವುದರಲ್ಲಿದೆ. ಅಜ್ಜಿಯ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರ ದೊರೆಯಿತು: ಆ ಏಳು ಮಂದಿಗೆ ಕಾಲೇಜು ಬೇಕಾಗಲಿಲ್ಲ. ಆದರೆ ಅವರು ತಪ್ಪಿ ಎಡವಿ ಕಲಿತುದನ್ನು ಎರಡು ವರ್ಷದಲ್ಲಿ ಓದಿ ತಿಳಿಯಬಹುದಾದರೆ ಅದಕ್ಕೊಂದು ಬೆಲೆಯುಂಟು. ಎಷ್ಟು ಬೆಲೆ ಎಂಬುದನ್ನು ಆಯಾ ಶಾಲೆಯನ್ನೂ ಅಲ್ಲಿಂದ ಹೊರಬಿದ್ದವರ ಸ್ಥಿತಿಯನ್ನೂ ನೋಡಿಯೇ ನಿಶ್ಚಯಿಸಬೇಕು.

ಗಂಧದ ಕಥೆಯ ಉತ್ತರಾರ್ಧವನ್ನು ಹೇಳದೆ ಬಿಟ್ಟರೆ ಪಾಠವು ಅಪೂರ್ಣವಾದೀತು. 1944ರಲ್ಲಿ ಶಿವಮೊಗ್ಗದಲ್ಲಿಯೂ ಎಣ್ಣೆಯ ಕಾರ್ಖಾನೆ ಬಂತು. 1980ರಲ್ಲಿ ಕಾರ್ಖಾನೆಗಳೆಲ್ಲ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವೆಂಬ ಒಂದೇ ಕಂಪೆನಿಯಾದುವು. ಭಟ್ಟಿಯಿತ್ತು, ವಿದ್ಯೆಯಿತ್ತು, ಗಿರಾಕಿಯೂ ಇದ್ದನು. ಈ ಸಲ ಸವೆದದ್ದು ಸರಪಣಿಯ ಮೊದಲ ಕೊಂಡಿಯಾದ ಮರವೇ. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಿದ ಸ್ಪೈಕ್ ರೋಗವು ಮರಗಳನ್ನು ಒಣಗಿಸಿತು. ಕಳ್ಳರು ಕಾಡನ್ನು ಬರಿದುಮಾಡಿದರು. ಎಲ್ಲಕ್ಕಿಂತ ಮಿಗಿಲಾಗಿ, ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವು ರೈತನಿಗೆ ಸಂಪತ್ತಾಗದೆ ಉಪದ್ರವವಾಯಿತು. ಮರ ಸರ್ಕಾರದ್ದು, ಕಳವಾದರೆ ವಿಚಾರಣೆ ತನಗೆ. ಮೊಳಕೆಯಲ್ಲಿಯೇ ಕಿತ್ತೆಸೆದವನನ್ನು ದೂರುವುದು ಹೇಗೆ? ಸುಮಾರು ಇನ್ನೂರು ವರ್ಷಗಳಷ್ಟು ಕಾಲ ಕಾನೂನು ಮರವನ್ನು ಕಾಯಿತು, ಮರವನ್ನು ಬೆಳೆಸಬಲ್ಲವನನ್ನು ಮಾತ್ರ ಕಾಯಲಿಲ್ಲ. 2001ರ ತಿದ್ದುಪಡಿಯಿಂದ ನೆಲದ ಒಡೆಯನೇ ಮರದ ಒಡೆಯನಾದನು. ಅಷ್ಟರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕುನುನರಾ ಎಂಬಲ್ಲಿ ನಮ್ಮದೇ ಜಾತಿಯ ಗಂಧದ ತೋಟಗಳು ಎದ್ದಿದ್ದುವು.

ಈಗ ನಮ್ಮ ಕಡೆಯೂ ರೈತರು ಗಂಧವನ್ನು ನೆಡುತ್ತಿರುವರು. ಅದು ಒಂಟಿಯಾಗಿ ಬಾಳುವ ಗಿಡವಲ್ಲ. ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ಕಚ್ಚಿ ಆಹಾರವನ್ನು ಪಡೆಯುವುದರಿಂದ ಮೊದಲು ತೊಗರಿಯಂಥ ಗಿಡವನ್ನು ಜೊತೆಗೆ ಹಾಕುವರು. ಹತ್ತು ವರ್ಷಗಳಿಗೆ ಚೇಗು ಕಟ್ಟತೊಡಗುವುದು. ಚೆನ್ನಾಗಿ ಬಲಿಯಲು ಮೂವತ್ತಾದರೂ ಬೇಕು. ಬೇರಿನಲ್ಲಿಯೇ ಎಣ್ಣೆ ಹೆಚ್ಚಾದುದರಿಂದ ಮರವನ್ನು ಕಡಿಯದೆ ಬುಡಸಹಿತ ಅಗೆದು ತೆಗೆಯುವರು. ಅಲ್ಲಿಯವರೆಗೆ ಬೇಲಿಯ ಖರ್ಚು, ರಾತ್ರಿಯ ಕಾವಲು, ಕಳ್ಳರ ಭಯ, ನಡುವೆ ಮಗಳ ಮದುವೆಗೆ ಹಣ ಬೇಕಾದರೆ ಬೆಳೆಯುತ್ತಿರುವ ಮರದ ಮೇಲೆ ಯಾರು ಸಾಲ ಕೊಡುವರೆಂಬ ಚಿಂತೆ, ಇವೆಲ್ಲವೂ ಆ ಒಂದು ಸಂಸಾರದ ತಲೆಯ ಮೇಲೆ. ಇದನ್ನು ಬಗೆಹರಿಸುವ ಲೆಕ್ಕವನ್ನು ಯಾವ ನಿರ್ವಹಣಾ ಶಾಲೆಯ ವಿದ್ಯಾರ್ಥಿಯಾದರೂ ಕೈಗೆತ್ತಿಕೊಳ್ಳಬಹುದು.