ಹಲ್ಲುಕಡ್ಡಿಯೇ ಇಲ್ಲಿ ದುಂಬಿ

ಕಿಟಕಿ ಪಕ್ಕ ವಾರಗಟ್ಟಲೆ ಅರಳಿ ನಿಲ್ಲುವ ಫಲೆನಾಪ್ಸಿಸ್ ಆರ್ಕಿಡ್ ಮನೆಯೊಳಗೆ ತಾನಾಗಿ ಕಾಯಿ ಕಟ್ಟುವುದು ಅಪರೂಪ. ಅದರ ಪರಾಗ ಪುಡಿಯಾಗಿ ಉದುರದು; ಹೂವಿನ ನಡುಗಂಬದ ತುದಿಯಲ್ಲಿ, ಪುಟ್ಟ ಟೊಪ್ಪಿಗೆಯಡಿ ಹಳದಿ ಉಂಡೆಗಳಾಗಿ ಅಡಗಿರುತ್ತದೆ. ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿದರೆ ಉಂಡೆಗಳು ಕಡ್ಡಿಗೆ ಅಂಟಿ ಬರುತ್ತವೆ. ಅವನ್ನು ಇನ್ನೊಂದು ಹೂವಿನ ಕಂಬದ ಕೆಳಬದಿಯ ಅಂಟುಗುಳಿಗೆ ಒತ್ತಿದರೆ ಆಯಿತು.

ಕೆಲವೇ ದಿನಗಳಲ್ಲಿ ಹೂ ಬಾಡುತ್ತದೆ. ಗಾಬರಿ ಬೇಡ, ಅದು ಶುಭಸೂಚನೆ! ತೊಟ್ಟು ಉಬ್ಬಿ ಹಸಿರು ಕಾಯಾಗುತ್ತದೆ. ಬಲಿಯಲು ಮಾತ್ರ ಹಲವು ತಿಂಗಳು ಬೇಕು.

ನಿಜವಾದ ಪೇಚು ಆಮೇಲಿನದು. ಕಾಯೊಳಗಿನ ಸಾವಿರಾರು ಬೀಜಗಳು ಧೂಳಿನಷ್ಟು ಸಣ್ಣವು, ಮೊಳಕೆಗೆ ಬೇಕಾದ ಆಹಾರದ ಬುತ್ತಿಯೇ ಅವುಗಳಲ್ಲಿಲ್ಲ. ಕಾಡಿನಲ್ಲಿ ಶಿಲೀಂಧ್ರವೊಂದು ಉಣಿಸಬೇಕು. 1922ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್, ಶಿಲೀಂಧ್ರದ ನೆರವಿಲ್ಲದೆ ಸಕ್ಕರೆ ಬೆರೆಸಿದ ಅಗರ್ ಎಂಬ ಜೆಲ್ಲಿಯ ಮೇಲೆ ಬೀಜ ಮೊಳೆಯಿಸುವ ವಿಧಾನ ಪ್ರಕಟಿಸಿದರು. ಆ ಶಿಲೀಂಧ್ರವಿಲ್ಲದ ಕುಂಡಕ್ಕೆ ಬೀಜ ಎರಚಿ ಕಾಯುವುದು ಬಹುತೇಕ ವ್ಯರ್ಥ. ಅಗರ್ ಹಾಕಿದ, ಸೋಂಕಿಲ್ಲದ ಗಾಜಿನ ಶೀಸೆಯೇ ಬೇಕು.

ಅಂದಹಾಗೆ, ವೆನಿಲ್ಲಾ ಕೂಡ ಆರ್ಕಿಡ್ಡೇ. 1841ರಲ್ಲಿ ರಿಯೂನಿಯನ್ ದ್ವೀಪದ 12 ವರ್ಷದ ಗುಲಾಮ ಬಾಲಕ ಎಡ್ಮಂಡ್ ಆಲ್ಬಿಯಸ್ ಕಂಡುಕೊಂಡ ಕಡ್ಡಿ-ಹೆಬ್ಬೆರಳಿನ ಪರಾಗಸ್ಪರ್ಶ ವಿಧಾನದಲ್ಲೇ ಮಲೆನಾಡಿನ ವೆನಿಲ್ಲಾ ಬೆಳೆಗಾರರೂ ಬೆಳಗಿನ ಹೊತ್ತು ಹೂವಿಂದ ಹೂವಿಗೆ ಸಾಗುತ್ತಾರೆ.