ಕೋವಿಗೆ ಮಜಲ್ ಬ್ರೇಕ್ ಹಾಕಿಸಬೇಕಾ?

ಗದ್ದೆಯಲ್ಲಿ ಭತ್ತ ತೆನೆ ಕಟ್ಟೋಕೆ ಶುರುವಾದರೆ ನನ್ನ ಫೋನಿಗೆ ಬರುವ ಪ್ರಶ್ನೆಗಳೂ ಬದಲಾಗ್ತವೆ. ಗೊಬ್ಬರ, ಬೆಂಕಿರೋಗ ಹಿಂದೆ ಸರಿದು ಹಂದಿ, ಕಾವಲು, ಕೋವಿ ಮುಂದೆ ಬರುತ್ತೆ. ಈ ಸಲ ಸಕಲೇಶಪುರ ಕಡೆಯ ಒಬ್ಬ ಹುಡುಗ ಒಂದು ವಿಡಿಯೊ ಕಳಿಸಿ ಕೇಳಿದ: "ಅಣ್ಣಾ, ಅಪ್ಪನ ಬೆಳೆ ರಕ್ಷಣೆ ಕೋವಿ ಈಗ ನನ್ನ ಹೆಸರಿಗೆ ಆಗಿದೆ. ಹೊಡೆದರೆ ಭುಜಕ್ಕೆ ಭಾರೀ ಒದೆಯುತ್ತೆ. ಇದರಲ್ಲಿ ತೋರಿಸೋ ಮಜಲ್ ಬ್ರೇಕ್ ಹಾಕಿಸಲಾ? ಲೇತ್‌ನವರು ಮಾಡಿಕೊಡ್ತೀನಿ ಅಂದಿದ್ದಾರೆ."

ಬೇಡ ಅಂತ ಒಂದೇ ಮಾತಲ್ಲಿ ಮುಗಿಸಬಹುದಿತ್ತು. ಆದರೆ ಅದೇ ವಿಡಿಯೊ ನಿಮ್ಮಲ್ಲೂ ಕೆಲವರು ನೋಡಿರ್ತೀರಿ.

ಮಜಲ್ ಬ್ರೇಕ್ ಅಂದ್ರೆ ನಳಿಗೆಯ ತುದಿಗೆ ತಿರುಪಿ ಕೂರಿಸುವ, ಪಕ್ಕಗಳಲ್ಲಿ ಕಂಡಿ ಕೊರೆದ ಉಕ್ಕಿನ ತುಂಡು. ಗುಂಡಿನ ಹಿಂದೆಯೇ ನುಗ್ಗಿ ಬರುವ ಮದ್ದಿನ ಗ್ಯಾಸ್ ನೇರ ಮುಂದೆ ಹೋಗದೆ ಆ ಕಂಡಿಗಳಲ್ಲಿ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೂ ತಿರುಗುತ್ತೆ. ತಿರುಗುವಾಗ ಬ್ರೇಕನ್ನು ಮುಂದಕ್ಕೆ ತಳ್ಳುತ್ತೆ, ಅಷ್ಟರಮಟ್ಟಿಗೆ ಕೋವಿ ಹಿಂದಕ್ಕೆ ಒದೆಯೋದು ಕಡಿಮೆಯಾಗುತ್ತೆ. ಅಂದರೆ ಅಲ್ಲಿ ಕೆಲಸ ಮಾಡೋದು ಗ್ಯಾಸ್. ಗ್ಯಾಸ್ ಇಲ್ಲದ ಕಡೆ ಬ್ರೇಕಿಗೆ ಕೆಲಸವಿಲ್ಲ.

ವಿಡಿಯೊದಲ್ಲಿ ಇದ್ದದ್ದು .30-06 ರೈಫಲ್, ವಿದೇಶದ ಬೇಟೆಗಾರರದ್ದು. ಅದರ ಗುಂಡು 11-12 ಗ್ರಾಂ, ಮದ್ದು 3 ಗ್ರಾಂಗಿಂತ ಹೆಚ್ಚು. ನಮ್ಮ 12 ಬೋರ್ ತೋಟೆಯಲ್ಲಿ ಚರೆಯೇ 30 ಗ್ರಾಂ ಆಸುಪಾಸು, ಮದ್ದು ಒಂದೂವರೆಯಿಂದ ಎರಡು ಗ್ರಾಂ. ಒದೆಯಲ್ಲಿ ಬಹುಪಾಲು ಚರೆಯ ಭಾರದ್ದು, ಗ್ಯಾಸಿನ ಪಾಲು ಚಿಲ್ಲರೆ. ಚರೆ ನಳಿಗೆಯ ಬಾಯಿಗೆ ಬರುವಷ್ಟರಲ್ಲಿ ಒತ್ತಡವೂ ಬಹಳ ಇಳಿದಿರುತ್ತೆ. ಆ ರೈಫಲಿನಲ್ಲಿ ಬ್ರೇಕ್ ಭುಜಕ್ಕೆ ನಿಜವಾಗಿ ಆರಾಮ ಕೊಡುತ್ತೆ, ನಮ್ಮ ಕೋವಿಯಲ್ಲಿ ಗೊತ್ತಾಗುವಷ್ಟೂ ಇರಲ್ಲ. ಮೇಲಾಗಿ 12 ಬೋರ್ ನಳಿಗೆ ತುದಿಯಲ್ಲಿ ತೆಳು. ಅದರ ಮೇಲೆ ಮರೆ ಕೊರೆದರೆ ಇನ್ನೂ ತೆಳುವಾಗುತ್ತೆ. ಬ್ರೇಕ್ ಒಂದು ಕೂದಲೆಳೆ ಓರೆ ಕೂತರೂ ಚರೆ ಅದಕ್ಕೇ ಬಡಿಯುತ್ತೆ.

ಆದರೆ ನನ್ನ ಮುಖ್ಯ ತಕರಾರು ಕಿವಿಯದ್ದು. "ಟಾರ್ಚ್ ಯಾರು ಹಿಡೀತಾರೆ?" ಅಂತ ಕೇಳಿದೆ. "ಅಮ್ಮ" ಅಂದ.

ಬ್ರೇಕ್ ಗ್ಯಾಸನ್ನು ಪಕ್ಕಕ್ಕೆ ತಿರುಗಿಸುವಾಗ ಸದ್ದನ್ನೂ ಪಕ್ಕಕ್ಕೇ ತಿರುಗಿಸುತ್ತೆ. ಬರೀ ಕೋವಿಯ ಸದ್ದೇ 150 ಡೆಸಿಬಲ್ ದಾಟುತ್ತೆ. 140 ದಾಟಿದ ಸದ್ದು ಒಂದೇ ಏಟಿಗೆ ಕಿವಿ ಕೆಡಿಸಬಹುದು. ಬ್ರೇಕ್ ಇದ್ದರೆ ಹೊಡೆಯುವವನಿಗೂ, ಪಕ್ಕದಲ್ಲಿ ನಿಂತವರಿಗೂ ಅದರ ಮೇಲೆ ಇನ್ನಷ್ಟು. ಬಲಭುಜಕ್ಕೆ ಕೋವಿ ಇಟ್ಟರೆ ಎಡಗಿವಿ ನಳಿಗೆಯ ಬಾಯಿ ಕಡೆ ಇರುತ್ತೆ. ನನ್ನ ಎಡಗಿವಿಯಲ್ಲಿ ಇಪ್ಪತ್ತು ವರ್ಷದಿಂದ ಒಂದು ಜೀರುಂಡೆ ಕೂತಿದೆ, ಯಾವ ಬ್ರೇಕೂ ಇಲ್ಲದೆ ಬಂದದ್ದು. ಮಳೆ ಬಿಟ್ಟ ರಾತ್ರಿ ಊರೆಲ್ಲ ಮಲಗಿದರೂ ಅದು ಮಲಗಲ್ಲ. ಡಾಕ್ಟರು ನೋಡಿ, ಸತ್ತ ನರ ಮತ್ತೆ ಚಿಗುರಲ್ಲ ಅಂದ್ರು.

ಕಾನೂನೂ ಇದೆ. 1959ರ ಆಯುಧ ಕಾಯ್ದೆ ಪ್ರಕಾರ ಕೋವಿ ರಿಪೇರಿ, ಬದಲಾವಣೆ ಮಾಡೋಕೆ ಬೇರೆಯೇ ಲೈಸೆನ್ಸ್ ಬೇಕು. ಲೇತ್‌ನವರ ಹತ್ತಿರ ಅದು ಇರಲ್ಲ. ಸದ್ದು ಅಥವಾ ಬೆಂಕಿಯ ಮಿಂಚು ತಗ್ಗಿಸುವ ಬಿಡಿಭಾಗವನ್ನಂತೂ ಆ ಕಾಯ್ದೆ ಕೋವಿಯೆಂದೇ ಎಣಿಸುತ್ತೆ. ಆನ್‌ಲೈನ್‌ನಲ್ಲಿ ಬರೋ ಎಷ್ಟೋ ಬ್ರೇಕ್‌ಗಳು ಮಿಂಚು ತಡೆಯೋದನ್ನೂ ಸೇರಿಸಿಕೊಂಡಿರ್ತವೆ. ಠಾಣೆಯಲ್ಲಿ ನಿಂತು ಎರಡರ ವ್ಯತ್ಯಾಸ ವಿವರಿಸೋ ಪಾಡು ಬೇಡ. ಕೊಡಗಿನವರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳೋಕೆ, ನಳಿಗೆ ಕೊರೆಸೋಕೆ ಅಲ್ಲ.

ಇನ್ನೊಂದು ಯೋಚಿಸಿ. ಕಾಡುಹಂದಿ 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಪ್ರಾಣಿ, ಬೆಳೆ ತಿಂದರೂ ಲಿಖಿತ ಅನುಮತಿ ಇಲ್ಲದೆ ಕೊಲ್ಲುವಂತಿಲ್ಲ. ನಮ್ಮ ಕೋವಿಯ ಕೆಲಸ ಹೆಚ್ಚಿನ ರಾತ್ರಿ ಬೆದರಿಸೋದೇ, ಒಂದೋ ಎರಡೋ ಈಡು. ದಿನಕ್ಕೆ ನಲವತ್ತು ಈಡು ಹೊಡೆಯುವವರ ಸಾಮಾನು ನಮಗ್ಯಾಕೆ?

ಒದೆ ತಗ್ಗಿಸೋಕೆ ಅಗ್ಗದ ದಾರಿ ಇದೆ. ಕೋವಿಯ ಹಿಂಬದಿಗೆ ಕಾಲುಚೀಲದ ಹಾಗೆ ಎಳೆದು ಹಾಕುವ ರಬ್ಬರ್ ಪ್ಯಾಡ್ ಸಿಗುತ್ತೆ, ಕೊರೆಯೋದು ಬೇಡ. ಕಡಿಮೆ ಚರೆಯ, ಹಗುರ ತೋಟೆ ಕೇಳಿ ತಗೊಳ್ಳಿ. ಕೋವಿಯನ್ನು ಭುಜದ ಗುಳಿಗೆ ಒತ್ತಿ ಹಿಡಿಯಿರಿ. ಹೆದರಿ ಸಡಿಲ ಹಿಡಿದವರಿಗೇ ಜಾಸ್ತಿ ಪೆಟ್ಟು. ಆ ಹುಡುಗನ ಒದೆಯಲ್ಲಿ ಅರ್ಧ ಇದೇ ಅಂತ ನನ್ನ ಗುಮಾನಿ. ಕಿವಿಗೆ ಫೋಮಿನ ಪ್ಲಗ್ ಸಾಕು, ಆದರೆ ಹೊಸಕಿ ಸಣ್ಣ ಮಾಡಿ ಪೂರ್ತಿ ಒಳಗೆ ಹಾಕಬೇಕು. ಹಂದಿ ಬಂದ ಸಪ್ಪಳ ಕೇಳಲ್ಲ ಅನ್ನುವವರಿಗೆ, ಸಣ್ಣ ಸದ್ದು ಬಿಟ್ಟು ದೊಡ್ಡದನ್ನು ತಡೆಯುವ ಎಲೆಕ್ಟ್ರಾನಿಕ್ ಇಯರ್ ಮಫ್ ಇದೆ. ದುಬಾರಿ, ಆದರೂ ಶ್ರವಣಯಂತ್ರಕ್ಕಿಂತ ಕಡಿಮೆಯೇ.

ಮೊನ್ನೆ ಹುಡುಗ ಪ್ಯಾಡ್ ಹಾಕಿದ ಫೋಟೋ ಕಳಿಸಿದ್ದ. ಪ್ಲಗ್ ಎಷ್ಟು ಜೊತೆ ತಂದೆ ಅಂತ ಕೇಳಿದೆ. "ಒಂದು" ಅಂದ. ಇನ್ನೊಂದು ಜೊತೆ ತಂದು ಅಮ್ಮನ ಟಾರ್ಚಿಗೆ ಕಟ್ಟಿಡು ಅಂದಿದ್ದೀನಿ.