ಮದ್ಯಪಾನ ಮತ್ತು ವಾಹನ ಚಾಲನೆ: ಆಸ್ಟ್ರೇಲಿಯಾದ ಮೂಲನಿವಾಸಿಗಳ ಪ್ರಯತ್ನ

ಮದ್ಯಪಾನ ಮಾಡಿ ವಾಹನ ನಡೆಸುವುದು ಬಹುತೇಕ ದೇಶಗಳಲ್ಲಿ ಅಪರಾಧ. ಆದರೆ ಆಸ್ಪತ್ರೆ, ನ್ಯಾಯಾಲಯಗಳು ನೂರಾರು ಕಿಲೋಮೀಟರ್ ದೂರವಿರುವ ಪ್ರದೇಶಗಳಲ್ಲಿ ಕೇವಲ ತಪಾಸಣೆ ಹಾಗೂ ದಂಡದಿಂದ ಅದನ್ನು ತಡೆಗಟ್ಟಲು ಸಾಧ್ಯವೇ? ಉತ್ತರ ಆಸ್ಟ್ರೇಲಿಯಾದ ಮೂಲನಿವಾಸಿಗಳ ಅನುಭವ ಈ ಪ್ರಶ್ನೆಗೆ ಉತ್ತರ ನೀಡುತ್ತದೆ.

ಸಮಸ್ಯೆಯ ಸ್ವರೂಪ

ಮೂಲನಿವಾಸಿಗಳೆಲ್ಲರೂ ಮದ್ಯವ್ಯಸನಿಗಳೆಂಬ ಭಾವನೆ ತಪ್ಪು. ಮದ್ಯವನ್ನು ಮುಟ್ಟದವರ ಪ್ರಮಾಣ ಅವರಲ್ಲಿ ಇತರರಿಗಿಂತ ಹೆಚ್ಚು. ಕಷ್ಟವಿರುವುದು ಪರಿಸರದಲ್ಲಿ. ಅನೇಕ ಜನವಸತಿಗಳಲ್ಲಿ ಮದ್ಯ ನಿಷಿದ್ಧ. ಕುಡಿಯುವವರು ದೂರದ ಪಟ್ಟಣಕ್ಕೆ ಹೋಗಿ ಮರಳಬೇಕು. ಬಸ್ಸಿನ ಸೌಕರ್ಯ ವಿರಳ, ವಾಹನಗಳು ಕೆಲವೇ. ಬಂಧುಗಳು ಕರೆದೊಯ್ಯೆಂದು ಕೇಳಿದಾಗ ನಿರಾಕರಿಸುವುದು ಚಾಲಕನಿಗೆ ಸುಲಭವಲ್ಲ.

ಅಲ್ಲಿನ ಕಾನೂನಿನಂತೆ ಸಾಮಾನ್ಯ ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 50 ಮಿಲಿಗ್ರಾಂ ಮುಟ್ಟಬಾರದು. ತಪ್ಪಿದವನು ಪರವಾನಗಿ ಕಳೆದುಕೊಳ್ಳಬಹುದು. ಆದರೂ ಮನೆಯವರನ್ನು ಆಸ್ಪತ್ರೆಗೆ ಒಯ್ಯಲು ಬೇರೆ ದಾರಿ ಕಾಣದೆ ವಾಹನ ನಡೆಸಿದರೆ ಎರಡನೆಯ ಅಪರಾಧವಾಗಿ, ಸೆರೆಮನೆಯವರೆಗೂ ಹೋಗಬಹುದು. ಹೀಗೆ ಒಬ್ಬನ ತಪ್ಪಿನ ಹೊರೆ ಇಡೀ ಕುಟುಂಬದ ಮೇಲೆ ಬೀಳುತ್ತದೆ.

ಸಮುದಾಯದ ಪಾತ್ರ

ಟೆನೆಂಟ್ ಕ್ರೀಕ್ ಪಟ್ಟಣದಲ್ಲಿ 1980ರ ದಶಕದಲ್ಲಿ ಜುಲಾಲಿಕಾರಿ ಎಂಬ ಮೂಲನಿವಾಸಿ ಸಂಸ್ಥೆ ರಾತ್ರಿ ಗಸ್ತು ಆರಂಭಿಸಿತು. ಪೊಲೀಸ್ ಅಧಿಕಾರವಿಲ್ಲದ ಈ ತಂಡಗಳು ಕುಡಿದವರನ್ನು ಮನೆಗೆ ಅಥವಾ ಸುರಕ್ಷಿತ ಸ್ಥಳಕ್ಕೆ ತಲುಪಿಸುತ್ತವೆ. ಇಂಥ ಗಸ್ತು ಮುಂದೆ ಇತರೆಡೆಗೂ ಹಬ್ಬಿತು.

ಪಶ್ಚಿಮ ಆಸ್ಟ್ರೇಲಿಯಾದ ಫಿಟ್ಜ್‌ರಾಯ್ ಕ್ರಾಸಿಂಗ್‌ನಲ್ಲಿ ಜೂನ್ ಆಸ್ಕರ್ ಮೊದಲಾದ ಮಹಿಳೆಯರ ಒತ್ತಾಯದ ಫಲವಾಗಿ, 2007ರಲ್ಲಿ ಶೇ. 2.7ಕ್ಕಿಂತ ಪ್ರಬಲವಾದ ಮದ್ಯವನ್ನು ಮನೆಗೆ ಒಯ್ಯಲು ಮಾರುವುದನ್ನು ನಿರ್ಬಂಧಿಸಲಾಯಿತು. ಹಲ್ಲೆಗಳು ತಗ್ಗಿದವು. ಆದರೆ ಕೆಲವರು ಮದ್ಯಕ್ಕಾಗಿ ಬೇರೆ ಪಟ್ಟಣಗಳಿಗೆ ಪ್ರಯಾಣಿಸತೊಡಗಿದರು. ಆದುದರಿಂದ ನಿರ್ಬಂಧದೊಂದಿಗೆ ಸಾರಿಗೆ, ವ್ಯಸನ ಚಿಕಿತ್ಸೆ, ಪರವಾನಗಿ ಪಡೆಯಲು ನೆರವು ಇವೆಲ್ಲವೂ ಜೊತೆಗೂಡಬೇಕು.

ನಾವು ತಿಳಿಯಬೇಕಾದುದು

ಭಾರತದಲ್ಲಿ ಮಿತಿ ಇನ್ನೂ ಕಡಿಮೆ: 30 ಮಿಲಿಗ್ರಾಂ. ಅದನ್ನು ಮೀರಿದರೆ, 2019ರ ತಿದ್ದುಪಡಿಯಂತೆ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕಾಫಿ ಕುಡಿದರಾಗಲಿ, ತಣ್ಣೀರು ಸ್ನಾನ ಮಾಡಿದರಾಗಲಿ ರಕ್ತದಲ್ಲಿನ ಮದ್ಯಸಾರ ಬೇಗ ಇಳಿಯುವುದಿಲ್ಲ. ಅದಕ್ಕೆ ಸಮಯವೊಂದೇ ಉಪಾಯ.

ಸಮಾರಂಭಕ್ಕೆ ಹೊರಡುವ ಮೊದಲೇ, ಮದ್ಯ ಮುಟ್ಟದೆ ವಾಹನ ನಡೆಸುವವರು ಯಾರೆಂಬುದನ್ನು ನಿಶ್ಚಯಿಸಿರಿ. ಕುಡಿದವರ ಕೈಗೆ ಬೀಗದ ಕೈ ಕೊಡದಿರುವುದು ಅಗೌರವವಲ್ಲ. ಅದು ಅವರ ಪ್ರಾಣವನ್ನೂ ದಾರಿಹೋಕರ ಪ್ರಾಣವನ್ನೂ ಕಾಯುವ ಕರ್ತವ್ಯ.